ಮನೆಗೂ ಕೆಲಸಕ್ಕೂ ಎಷ್ಟು ದೂರ? ಉಪನಗರದ ಬದುಕನ್ನು ಓದುವ ಬಗೆ

ಮಗ್ಗದ ಮನೆ

ತುಂಗಭದ್ರೆಯ ಎಡದಂಡೆಯ ಮೇಲಿರುವ ರಾಜೋಳಿ ನೇಕಾರರ ಊರು. ಒಡಲು ಹತ್ತಿಯದೂ ಅಂಚು ಸೆರಗುಗಳು ರೇಷ್ಮೆಯವೂ ಆದ ಗದ್ವಾಲ ಸೀರೆಯನ್ನು ನೇಯುವ ಊರುಗಳಲ್ಲಿ ಇದೂ ಒಂದು. ಇಂಥ ಊರಿನ ನೇಕಾರರ ಮನೆಯಲ್ಲಿ ನೆಲಕ್ಕೆ ಕುಳಿ ತೋಡಿ ಮಗ್ಗ ಹೂಡಿರುತ್ತಾರೆ. ಗಂಡ ಕುಳಿಯಲ್ಲಿ ಕಾಲಿಳಿಬಿಟ್ಟು ಲಾಳಿ ಆಡಿಸುವಾಗ ಹೆಂಡತಿ ಅದೇ ಪಡಸಾಲೆಯಲ್ಲಿ ರಾಟೆಯ ಮುಂದೆ ಕುಳಿತು ಕಂಡಿಕೆ ಸುತ್ತುತ್ತಾಳೆ. ಒಲೆ, ತೊಟ್ಟಿಲು, ಮಗ್ಗ ಮೂರೂ ಒಂದೇ ಸೂರಿನ ಕೆಳಗೆ ಇರುತ್ತವೆ. ಕೆಲಸಕ್ಕೆ ಹೋಗುವುದು, ಕೆಲಸದಿಂದ ಬರುವುದು ಎಂಬ ಮಾತು ಆ ಮನೆಯಲ್ಲಿ ಹುಟ್ಟುವುದೇ ಇಲ್ಲ.

ಇಂಥ ಬದುಕನ್ನು ಸುಖದ ಚಿತ್ರವೆಂದು ತಿಳಿಯಬೇಕಾಗಿಲ್ಲ. 2009ರ ಅಕ್ಟೋಬರಿನ ಮಹಾಪೂರದಲ್ಲಿ ತುಂಗಭದ್ರೆ ರಾಜೋಳಿಗೆ ನುಗ್ಗಿತು. ಮನೆ ಮುಳುಗಿದರೆ ಮಗ್ಗದ ಕುಳಿಯೂ ಮುಳುಗುತ್ತದೆ. ವಾಸಕ್ಕೂ ಅನ್ನಕ್ಕೂ ಒಂದೇ ದಿನ ಕೇಡು ಬರುತ್ತದೆ. ಆದರೂ ಈ ಮನೆಯನ್ನು ಮೊದಲು ಮನಸ್ಸಿಗೆ ತಂದುಕೊಳ್ಳುವುದು ಅಗತ್ಯ. ಮಹಾನಗರದ ಅಂಚಿನಲ್ಲಿರುವ, ಶಾಂತವೂ ಕಡಿಮೆ ಬಾಡಿಗೆಯದೂ ಆದ ಉಪನಗರವೆಂಬ ವಸತಿ ಇದಕ್ಕೆ ಪೂರ್ಣ ವಿರುದ್ಧವಾದ ತತ್ತ್ವದ ಮೇಲೆ ನಿಂತಿದೆ. ಮನೆ ಒಂದೆಡೆ, ಕೆಲಸ ಇನ್ನೊಂದೆಡೆ, ಅವುಗಳ ನಡುವೆ ದಿನವೂ ಕ್ರಮಿಸಬೇಕಾದ ದಾರಿ. ಈ ಮೂರು ಬಿಡಿ ಬಿಡಿಯಾದಾಗಲೇ ಉಪನಗರ ಹುಟ್ಟುತ್ತದೆ.

ಕನ್ನಡ ಐಚ್ಛಿಕ ವಿದ್ಯಾರ್ಥಿಗಳಿಗೆ ಈ ವಿಷಯ ಎರಡು ಕಾರಣಗಳಿಂದ ಹತ್ತಿರದ್ದು. ಹೊಸಗನ್ನಡದ ಕಥೆ ಕಾದಂಬರಿಗಳ ದೊಡ್ಡದೊಂದು ಭಾಗ ಈ ದಾರಿಯಲ್ಲೇ ನಡೆಯುತ್ತದೆ ಎಂಬುದು ಒಂದು. ಗಡಿನಾಡಿನ ವಿದ್ಯಾರ್ಥಿಗಳಲ್ಲಿ ಅನೇಕರು ಪದವಿಯ ಅನಂತರ ಹೈದರಾಬಾದಿನಲ್ಲೋ ಬೆಂಗಳೂರಿನಲ್ಲೋ ಬಾಡಿಗೆಯ ಮನೆ ಹುಡುಕುವವರೇ ಆಗುತ್ತಾರೆ ಎಂಬುದು ಇನ್ನೊಂದು.

ಪದದೊಳಗಿನ ಊರು

ಊರಿನ ಭಾಗಗಳನ್ನು ಹೆಸರಿಸಲು ಕನ್ನಡದಲ್ಲಿ ಪದಗಳಿಗೆ ಕೊರತೆಯಿಲ್ಲ. ಕೇರಿ, ಪೇಟೆ, ಪುರ, ಪಾಳ್ಯ, ಅಗ್ರಹಾರ, ಬಡಾವಣೆ ಎಂಬ ಒಂದೊಂದು ಪದವೂ ಒಂದೊಂದು ಬಗೆಯ ವಸತಿಯನ್ನು ಸೂಚಿಸುತ್ತದೆ. ಪೇಟೆ ವ್ಯಾಪಾರದ ನೆಲೆ. ಮರಾಠಿಯ ‘ಪೇಠ’ವೂ ಅದೇ. ಅಗ್ರಹಾರ ದಾನವಾಗಿ ಬಂದ ನೆಲೆ. ಕೇರಿಯೆಂದರೆ ಒಂದು ಸಮುದಾಯ ಅಥವಾ ಕಸುಬಿನವರ ಬೀದಿ. ನೇಕಾರರ ಕೇರಿಯಲ್ಲಿ ನೇಯ್ಗೆ, ಕುಂಬಾರರ ಕೇರಿಯಲ್ಲಿ ಆವಿಗೆ. ವಾಸದ ಜಾಗವೇ ಕಸುಬಿನ ಹೆಸರನ್ನೂ ಹೇಳುತ್ತಿತ್ತು, ಜಾತಿಯ ಹೆಸರನ್ನೂ ಹೇಳುತ್ತಿತ್ತು. ಸಿದ್ಧಲಿಂಗಯ್ಯನವರ ಆತ್ಮಕಥನದ ಶೀರ್ಷಿಕೆ ‘ಊರುಕೇರಿ’ ಎಂಬುದನ್ನು ಇಲ್ಲಿ ನೆನೆಯಬೇಕು. ಊರು ಬೇರೆ, ಕೇರಿ ಬೇರೆ ಎಂಬ ಸಾಮಾಜಿಕ ಸತ್ಯವನ್ನು ಆ ಜೋಡಿಪದ ಹೊತ್ತಿದೆ. ಊರ ಅಗಸಿಯ ಹೊರಗೆ ವಾಸಿಸುವುದು ನಮ್ಮ ಸಮಾಜದಲ್ಲಿ ಬಹುಕಾಲ ಆಯ್ಕೆಯಾಗಿರಲಿಲ್ಲ, ಅದು ಹೇರಿಕೆಯಾಗಿತ್ತು.

ಬಡಾವಣೆ ಎಂಬ ಪದದ ಸ್ವಭಾವ ಬೇರೆ. ವಿಸ್ತರಿಸಿದ್ದು, ಬೆಳೆಸಿದ್ದು ಎಂಬುದು ಅದರ ಅರ್ಥ. ಇದ್ದ ಊರನ್ನು ಅಳತೆಯಿಟ್ಟು, ರಸ್ತೆ ಎಳೆದು, ನಿವೇಶನ ಹಂಚಿ ಹಿಗ್ಗಿಸಿದಾಗ ಅದು ಬಡಾವಣೆ. ಉಪನಗರ ಸಂಸ್ಕೃತದಿಂದ ಕಟ್ಟಿಕೊಂಡ ಪದ, ಮರಾಠಿಯಲ್ಲೂ ಬಳಕೆಯಲ್ಲಿದೆ. 1990ರಲ್ಲಿ ರಚನೆಯಾದ ಮುಂಬಯಿ ಉಪನಗರ ಜಿಲ್ಲೆಯ ಹೆಸರಿನಲ್ಲೇ ಅದು ಸೇರಿದೆ. ‘ಉಪ’ ಎಂಬ ಉಪಸರ್ಗವು ಸಾಮೀಪ್ಯವನ್ನೂ ಅಧೀನತೆಯನ್ನೂ ಒಟ್ಟಿಗೆ ಹೇಳುತ್ತದೆ. ತುಂಗಭದ್ರೆ ಕೃಷ್ಣೆಯ ಉಪನದಿ. ಆಲಂಪುರದ ಹತ್ತಿರ ಅದು ಕೃಷ್ಣೆಯನ್ನು ಸೇರುತ್ತದೆ, ಅಲ್ಲಿಂದ ಮುಂದೆ ಅದರ ಹೆಸರಿಲ್ಲ. ಉಪನಗರದ ಜನವೂ ಪ್ರತಿ ಬೆಳಿಗ್ಗೆ ಹೀಗೆಯೇ ಹರಿದು ಮಹಾನಗರವನ್ನು ಸೇರುತ್ತಾರೆ. ಸಂಜೆ ಮಾತ್ರ ಅವರು ಹಿಂದಕ್ಕೆ ಹರಿಯಬೇಕು.

ದಿನವೂ ಹೀಗೆ ಹೋಗಿ ಬರುವವನಿಗೆ ಕನ್ನಡದಲ್ಲಿ ಒಂದೇ ಪದವಿಲ್ಲ. ‘ನಿತ್ಯ ಪ್ರಯಾಣಿಕ’ ಎಂಬುದು ಪತ್ರಿಕೆಯ ಭಾಷೆ. ಉತ್ತರ ಕರ್ನಾಟಕದಲ್ಲೂ ಗಡಿಭಾಗದಲ್ಲೂ ಜನ ಹೇಳುವುದು ‘ಅಪ್-ಡೌನ್ ಮಾಡುತ್ತಾನೆ’ ಎಂದು. ಮರಾಠಿ ಮಾತಿನಲ್ಲೂ ಅದೇ ಬಳಕೆ. ಅಪ್ ಮತ್ತು ಡೌನ್ ಎಂಬವು ರೈಲಿನ ದಿಕ್ಕುಗಳನ್ನು ಗುರುತಿಸುವ ಇಲಾಖೆಯ ಪದಗಳು. ಅವು ಕ್ರಿಯಾಪದವಾಗಿ ಜನರ ಬಾಯಿಗೆ ಬಂದದ್ದು ಭಾಷೆ ಹೇಗೆ ಚರಿತ್ರೆಯನ್ನು ಕಾಯ್ದಿಡುತ್ತದೆ ಎಂಬುದಕ್ಕೆ ಒಳ್ಳೆಯ ನಿದರ್ಶನ. ರೈಲು ಬರುವ ಮುನ್ನ ಈ ಕ್ರಿಯೆಯೇ ಇರಲಿಲ್ಲ. ಆದ್ದರಿಂದ ಪದವೂ ಇರಲಿಲ್ಲ.

ಗಿರಣಿ, ಪ್ಲೇಗು, ರೈಲು

ನಮ್ಮ ದೇಶದಲ್ಲಿ ಮನೆ ಮತ್ತು ಕೆಲಸ ಬೇರೆಯಾದದ್ದು ಹೇಗೆ ಎಂಬುದನ್ನು ಮುಂಬಯಿಯ ಚರಿತ್ರೆಯಲ್ಲಿ ಸ್ಪಷ್ಟವಾಗಿ ಕಾಣಬಹುದು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಬಟ್ಟೆಯ ಗಿರಣಿಗಳು ಎದ್ದವು. ನೇಕಾರನ ಮನೆಯ ಮಗ್ಗ ಮಾಡುತ್ತಿದ್ದ ಕೆಲಸವನ್ನು ಸಾವಿರ ಮಗ್ಗಗಳ ಗಿರಣಿ ಕಿತ್ತುಕೊಂಡಿತು. ನೇಕಾರ ತನ್ನ ಮನೆ ಬಿಟ್ಟು ಗಿರಣಿಯ ಬಾಗಿಲಿಗೆ ನಡೆದ. ತೆಲಂಗಾಣದ ನೇಕಾರ ಸಮುದಾಯಗಳು ಸೊಲ್ಲಾಪುರಕ್ಕೂ ಮುಂಬಯಿಗೂ ಮುಂದೆ ಭಿವಂಡಿಗೂ ವಲಸೆ ಹೋದದ್ದು ಈ ಚರಿತ್ರೆಯ ಭಾಗ. ನಿಜಾಮನ ಸೀಮೆಯಿಂದ ಕಟ್ಟಡದ ಕೂಲಿಗೆ ಹೋದ ಕಾಮಾಠಿಗಳ ಹೆಸರನ್ನು ಕಾಮಾಠಿಪುರ ಇಂದಿಗೂ ಹೊತ್ತಿದೆ.

ಮೊದಲು ಗಿರಣಿಯ ಪಕ್ಕದಲ್ಲೇ ಚಾಳಗಳು ಬಂದವು. ಒಂದು ಖೋಲಿಯಲ್ಲಿ ಒಂದು ಕುಟುಂಬ, ಕೆಲವೊಮ್ಮೆ ಪಾಳಿಯ ಮೇಲೆ ಮಲಗುವ ಹಲವು ಗಂಡಸರು. ಮನೆಯೂ ಕೆಲಸವೂ ಬೇರೆಯಾದರೂ ದೂರ ಕಾಲ್ನಡಿಗೆಯದು. ಆ ದಟ್ಟಣೆಯ ನಡುವೆ 1896ರಲ್ಲಿ ಪ್ಲೇಗು ಕಾಣಿಸಿಕೊಂಡಿತು. ಅದರ ಹಿಂದೆಯೇ, 1898ರಲ್ಲಿ, ನಗರ ಸುಧಾರಣಾ ಟ್ರಸ್ಟ್ ಸ್ಥಾಪನೆಯಾಯಿತು. ದಾದರ, ಮಾಟುಂಗಾಗಳಂಥ ಯೋಜಿತ ವಸತಿಗಳು ಅದರ ಫಲ. ಮುಂಬಯಿ ಕನ್ನಡಿಗರ ಹಳೆಯ ಸಂಸ್ಥೆಗಳಲ್ಲಿ ಒಂದಾದ ಮೈಸೂರು ಅಸೋಸಿಯೇಷನ್ ಇರುವುದು ಮಾಟುಂಗಾದಲ್ಲೇ. ಬೆಂಗಳೂರಿನ ಕಥೆಯೂ ಹೆಚ್ಚು ಬೇರೆಯಲ್ಲ. 1898ರ ಪ್ಲೇಗಿನ ಅನಂತರ ಜನ ಹಳೆಯ ಪೇಟೆ ಬಿಟ್ಟು ಮಲ್ಲೇಶ್ವರ, ಬಸವನಗುಡಿಗಳಲ್ಲಿ ನೆಲೆಸತೊಡಗಿದರು. ಇಂದು ನಗರದ ಹೃದಯವೆನಿಸಿದ ಆ ಬಡಾವಣೆಗಳು ಅಂದು ಊರ ಹೊರಗಿನ, ಗಾಳಿ ಬೆಳಕಿನ ಶಾಂತ ವಸತಿಗಳು. ರೋಗಭಯ ಜನರನ್ನು ಹೊರಕ್ಕೆ ತಳ್ಳಿತು.

ಅವರು ಇನ್ನೂ ದೂರ ಹೋಗಲು ಸಾಧ್ಯವಾದದ್ದು ರೈಲಿನಿಂದ. 1853ರ ಏಪ್ರಿಲ್ 16ರಂದು ಬೋರಿಬಂದರದಿಂದ ಠಾಣೆಗೆ ಮೊದಲ ಪ್ರಯಾಣಿಕ ರೈಲು ಓಡಿತು. ಮರುವರ್ಷ ಹಳಿ ಕಲ್ಯಾಣವನ್ನು ಮುಟ್ಟಿತು. 1925ರಲ್ಲಿ ವಿಕ್ಟೋರಿಯಾ ಟರ್ಮಿನಸ್ ಮತ್ತು ಕುರ್ಲಾ ನಡುವೆ ವಿದ್ಯುತ್ ರೈಲು ಆರಂಭವಾಯಿತು. ಹೊಗೆಯಿಲ್ಲದ, ಬೇಗ ನಿಂತು ಬೇಗ ಹೊರಡುವ ಗಾಡಿ ಬಂದ ಮೇಲೆ ಹಳಿಯ ಬದಿಯ ಹಳ್ಳಿಗಳು ಒಂದೊಂದಾಗಿ ಮಹಾನಗರದ ವಸತಿಗಳಾದವು.

ಅಗ್ಗದ ಲೆಕ್ಕ

ದೂರದ ಮನೆ ಅಗ್ಗವಾಗುವುದೇಕೆ? ಇಟಲಿಯ ಭೌತವಿಜ್ಞಾನಿ ಚೆಸರೆ ಮಾರ್ಕೆಟ್ಟಿ 1994ರ ಲೇಖನವೊಂದರಲ್ಲಿ ಈ ಪ್ರಶ್ನೆಗೆ ನೆರವಾಗುವ ಒಂದು ಮಾತನ್ನು ಮುಂದಿಟ್ಟರು. ಊರು ಯಾವುದೇ ಇರಲಿ, ಕಾಲ ಯಾವುದೇ ಇರಲಿ, ಮನುಷ್ಯರು ಪ್ರಯಾಣಕ್ಕೆ ಕೊಡುವ ಸಮಯ ಸರಾಸರಿ ದಿನಕ್ಕೆ ಒಂದು ಗಂಟೆಯ ಆಸುಪಾಸಿನಲ್ಲಿರುತ್ತದೆ ಎಂಬುದು ಅದರ ಸಾರ. ಕಾಲ್ನಡಿಗೆಯ ವೇಗ ಗಂಟೆಗೆ ಸುಮಾರು 5 ಕಿ.ಮೀ. ಆದ್ದರಿಂದ ಅರ್ಧ ಗಂಟೆ ಹೋಗಿ ಅರ್ಧ ಗಂಟೆ ಬರುವ ಮನುಷ್ಯನ ಊರು ನಡುವಿನಿಂದ ಎರಡೂವರೆ ಕಿ.ಮೀ. ಆಚೆ ಬೆಳೆಯಲಾರದು. ವಾಹನದ ವೇಗ ಹೆಚ್ಚಿದಷ್ಟೂ ಊರಿನ ಎಲ್ಲೆ ಹೊರಕ್ಕೆ ಸರಿಯುತ್ತದೆ. ನಡುವಿನ ನೆಲ ಸೀಮಿತ, ಅದನ್ನು ಬಯಸುವವರು ಬಹಳ. ಅಲ್ಲಿ ಬೆಲೆ ಏರುತ್ತದೆ. ಅಂಚಿನಲ್ಲಿ ನೆಲ ಹೇರಳ, ಬಯಸುವವರು ಕಡಿಮೆ. ಅಲ್ಲಿ ಬೆಲೆ ಇಳಿಯುತ್ತದೆ. ಇವೆರಡರ ನಡುವಿನ ವ್ಯತ್ಯಾಸವನ್ನು ತುಂಬುವುದು ಪ್ರಯಾಣಿಕನ ಸಮಯ.

ಒಂದು ಕಲ್ಪಿತ ಲೆಕ್ಕ ನೋಡಬಹುದು. ನಗರದೊಳಗೆ ಬಾಡಿಗೆ ತಿಂಗಳಿಗೆ 15,000 ರೂಪಾಯಿ, ಉಪನಗರದಲ್ಲಿ 7,000 ಎಂದಿಟ್ಟುಕೊಳ್ಳೋಣ. ಉಳಿತಾಯ 8,000. ಪಾಸಿಗೆ 500 ಕಳೆದರೆ 7,500. ನಗರದೊಳಗಿದ್ದರೆ ದಿನಕ್ಕೆ ಒಂದು ಗಂಟೆಯ ಓಡಾಟ, ಉಪನಗರದಿಂದ ನಾಲ್ಕು ಗಂಟೆ. ಹೆಚ್ಚುವರಿ ಮೂರು ಗಂಟೆ. ತಿಂಗಳಿಗೆ 25 ದಿನವೆಂದರೆ 75 ಗಂಟೆ. 7,500ನ್ನು 75ರಿಂದ ಭಾಗಿಸಿದರೆ ಗಂಟೆಗೆ 100 ರೂಪಾಯಿ. ಕುಟುಂಬವು ತನ್ನ ಎಚ್ಚರದ ಒಂದೊಂದು ಗಂಟೆಯನ್ನು 100 ರೂಪಾಯಿಗೆ ಕೊಟ್ಟಂತಾಯಿತು. ಮದುವೆಯಾಗದ ಹೊಸ ನೌಕರನಿಗೆ ಇದು ಲಾಭದ ವ್ಯಾಪಾರವೇ ಇರಬಹುದು. ಎಳೆಯ ಮಗುವಿನ ತಾಯಿಗೆ ಅದೇ ಗಂಟೆಯ ಬೆಲೆ ಬೇರೆ. ದಿನಕ್ಕೆ ನಾಲ್ಕು ಗಂಟೆಯಂತೆ ವರ್ಷಕ್ಕೆ 1,200 ಗಂಟೆ. ಹಗಲು ರಾತ್ರಿ ಸೇರಿದ 50 ದಿನಗಳು ಗಾಡಿಯಲ್ಲೇ ಕಳೆಯುತ್ತವೆ.

ಮುಂಬಯಿಯ ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸಿನಿಂದ ಸುಮಾರು 48 ಕಿ.ಮೀ. ದೂರದ ಡೊಂಬಿವಲಿ ಈ ಲೆಕ್ಕದ ಮೇಲೆ ಬೆಳೆದ ಊರು. ಗುಮಾಸ್ತರು, ಬ್ಯಾಂಕ್ ನೌಕರರು, ಶಿಕ್ಷಕರು ತಮ್ಮ ಸಂಬಳಕ್ಕೆ ಎಟುಕುವ ಎರಡು ಕೋಣೆಯ ಮನೆಗಾಗಿ ಅಲ್ಲಿಗೆ ಹೋದರು. 1982ರ ಗಿರಣಿ ಮುಷ್ಕರದ ಅನಂತರ ಗಿರಣಿಗಳು ಮುಚ್ಚುತ್ತ ಹೋದಂತೆ ನಗರದ ನಡುವಿನ ಚಾಳಗಳಿಂದಲೂ ಕುಟುಂಬಗಳು ಇಂಥ ದೂರದ ಊರುಗಳಿಗೆ ಸರಿದವು. ಮೂವರು ಕೂರುವ ಹಲಗೆಯ ತುದಿಯಲ್ಲಿ ನಾಲ್ಕನೆಯವನು ಅರ್ಧ ಮೈ ಇಟ್ಟು ಕೂರುವ ‘ಚೌಥಿ ಸೀಟ್’, ಗಾಡಿಯಲ್ಲೇ ನಡೆಯುವ ಭಜನೆ, ಮಹಿಳೆಯರ ಡಬ್ಬಿಯಲ್ಲಿ ರಾತ್ರಿಯ ಅಡುಗೆಗೆ ಸೋಸುವ ಸೊಪ್ಪು, ಇವೆಲ್ಲ ಕಳೆದುಹೋಗುವ ಗಂಟೆಗಳನ್ನು ಮರಳಿ ಪಡೆಯುವ ಉಪಾಯಗಳು. ಉಪಾಯಕ್ಕೆ ಸಿಗದ ನಷ್ಟವೂ ಇದೆ. 2025ರ ಜೂನ್ 9ರ ಬೆಳಿಗ್ಗೆ ಮುಂಬ್ರಾ ಬಳಿ ಕಿಕ್ಕಿರಿದ ಲೋಕಲ್ ಗಾಡಿಗಳ ಬಾಗಿಲಿನಲ್ಲಿ ನಿಂತವರು ಹಳಿಯ ಮೇಲೆ ಬಿದ್ದರು, ಸಾವುಗಳೂ ಸಂಭವಿಸಿದವು. ಕಚೇರಿಯ ಸಮಯಕ್ಕೆ ಮುಟ್ಟಲು ಹೊರಟವರು ಅವರು.

ಶಾಂತತೆ ಯಾರದು?

ಉಪನಗರದ ಜಾಹೀರಾತಿನಲ್ಲಿ ‘ಶಾಂತ ಪರಿಸರ’ ಎಂಬ ಮಾತು ತಪ್ಪದೆ ಇರುತ್ತದೆ. ಮಾತು ಸುಳ್ಳಲ್ಲ. ಬೆಳಿಗ್ಗೆ ಎಂಟರಿಂದ ರಾತ್ರಿ ಎಂಟರವರೆಗೆ ದುಡಿಯುವವರೆಲ್ಲ ಹೊರಗೆ ಹೋಗಿರುವುದರಿಂದ ಅಲ್ಲಿ ಸದ್ದಿರುವುದಿಲ್ಲ. ಆ ಹಗಲಿನಲ್ಲಿ ಉಳಿಯುವವರು ವೃದ್ಧರು, ಮಕ್ಕಳು, ಹೊರಗೆ ದುಡಿಯದ ಗೃಹಿಣಿಯರು. ಟ್ಯಾಂಕರಿನ ನೀರಿಗೆ ಕಾಯುವುದು, ಶಾಲೆಯಿಂದ ಬಂದ ಮಗುವಿಗೆ ಬಾಗಿಲು ತೆರೆಯುವುದು, ಅತ್ತೆಯನ್ನು ಆಸ್ಪತ್ರೆಗೆ ಕರೆದೊಯ್ಯುವುದು ಅವರ ಪಾಲಿಗೆ ಬರುತ್ತವೆ. ಅಗ್ಗದ ಬಾಡಿಗೆಯ ಒಂದು ಕಂತನ್ನು ಪ್ರಯಾಣಿಕ ಕಟ್ಟಿದರೆ ಇನ್ನೊಂದು ಕಂತನ್ನು ಮನೆಯಲ್ಲಿ ಉಳಿದವರು ಕಟ್ಟುತ್ತಾರೆ. ಅದು ಯಾವ ಲೆಕ್ಕದ ಪುಸ್ತಕದಲ್ಲೂ ಬರುವುದಿಲ್ಲ.

ಭಾಷೆಯ ಪ್ರಶ್ನೆಯೂ ಇಲ್ಲಿಗೇ ಬಂದು ಸೇರುತ್ತದೆ. ಹೊರನಾಡಿನ ಉಪನಗರದ ಕನ್ನಡ ಕುಟುಂಬದಲ್ಲಿ ಕಚೇರಿಯ ಭಾಷೆ ಇಂಗ್ಲಿಷ್, ಗಾಡಿಯ ಭಾಷೆ ಹಿಂದಿ ಅಥವಾ ಮರಾಠಿ, ಮಗುವಿನ ಶಾಲೆಯ ಭಾಷೆ ಇನ್ನೊಂದು. ಕನ್ನಡಕ್ಕೆ ಉಳಿಯುವುದು ಮನೆ ಮಾತ್ರ. ಆ ಮನೆಯಲ್ಲಿ ದುಡಿಯುವವರು ಎಚ್ಚರವಾಗಿರುವುದು ಎರಡು ಮೂರು ಗಂಟೆ. ತಂದೆ ತಾಯಿ ಇಬ್ಬರೂ ಅಪ್-ಡೌನ್ ಮಾಡುವವರಾದರೆ ಮಗುವಿಗೆ ಕನ್ನಡ ದೊರೆಯುವುದು ಅಜ್ಜಿಯಿಂದ. ಅಜ್ಜಿ ಊರಲ್ಲೇ ಉಳಿದಿದ್ದರೆ ಅದೂ ಇಲ್ಲ. ಮಾತೃಭಾಷೆಯ ಅಳಿವನ್ನು ಕುರಿತು ಮಾತನಾಡುವಾಗ ಅಭಿಮಾನದ ಕೊರತೆಯನ್ನು ದೂರುವವರು ಈ ಗಂಟೆಗಳ ಲೆಕ್ಕವನ್ನು ಸಾಮಾನ್ಯವಾಗಿ ಮರೆಯುತ್ತಾರೆ. ಡೊಂಬಿವಲಿಯ ಕನ್ನಡಿಗರು ಇದನ್ನು ಅರಿತಿದ್ದರೆಂದು ತೋರುತ್ತದೆ. ಅಲ್ಲಿಯ ಕರ್ನಾಟಕ ಸಂಘ ಮಂಜುನಾಥ ವಿದ್ಯಾಲಯವನ್ನು ಕಟ್ಟಿತು. ಮನೆಯೊಳಗೆ ಸಾಲದ ಸಮಯವನ್ನು ಬೀದಿಯ ಸಂಸ್ಥೆಯೊಂದು ತುಂಬಿಕೊಡಬೇಕಾಗುತ್ತದೆ ಎಂಬುದು ಇದರಿಂದ ತಿಳಿಯುವ ಪಾಠ.

ಕಾಚಿಗುಡದ ದಾರಿ

ಮುಂಬಯಿಯ ಈ ಅನುಭವ ರಾಜೋಳಿ, ಗದ್ವಾಲ, ಮಕ್ತಲ್, ನಾರಾಯಣಪೇಟೆಗಳ ಕಡೆಗೆ ಹೇಗೆ ಸಂಬಂಧಿಸುತ್ತದೆ? 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಗದ್ವಾಲ ಮತ್ತು ಆಲಂಪುರ ತಾಲೂಕುಗಳು ರಾಯಚೂರು ಜಿಲ್ಲೆಗೆ ಸೇರಿದ್ದವು. ಆಲಂಪುರದಲ್ಲಿ ಬಾದಾಮಿ ಚಾಲುಕ್ಯರ ಗುಡಿಗಳಿವೆ, ಕನ್ನಡ ಶಾಸನಗಳಿವೆ. ಹರಿದಾಸ ಪರಂಪರೆಯ ಗೋಪಾಲದಾಸರು ನೆಲೆಸಿದ ಉತ್ತನೂರು ಈ ಸೀಮೆಯದೇ. ಕೃಷ್ಣಾ ಮಂಡಲದ ಕಡೆ ಕನ್ನಡ ಇಂದಿಗೂ ಮನೆಮಾತು. ಗೆರೆ ಬದಲಾದ ಮೇಲೆ ಉನ್ನತ ಶಿಕ್ಷಣಕ್ಕೂ ಉದ್ಯೋಗಕ್ಕೂ ಈ ಭಾಗದವರ ದಾರಿ ಹೆಚ್ಚಾಗಿ ಹೈದರಾಬಾದಿನ ಕಡೆಗೆ ತಿರುಗಿತು.

ಗದ್ವಾಲದಿಂದ ಮಹಬೂಬನಗರದ ಮೂಲಕ ಹೋಗುವ ರೈಲು ಹೈದರಾಬಾದಿನಲ್ಲಿ ಕಾಚಿಗುಡವನ್ನು ಸೇರುತ್ತದೆ. ನಿಜಾಮನ ಕಾಲದಲ್ಲಿ, 1916ರಲ್ಲಿ ಕಟ್ಟಿದ ನಿಲ್ದಾಣ ಅದು. ಹೈದರಾಬಾದ್ ಕನ್ನಡಿಗರ ಕರ್ನಾಟಕ ಸಾಹಿತ್ಯ ಮಂದಿರವೂ ನೃಪತುಂಗ ಶಾಲೆಯೂ ಕಾಚಿಗುಡದಲ್ಲೇ ಇವೆ. ಒಂದು ಕಾಲಕ್ಕೆ ಬಂದವರು ನಗರದ ನಡುವೆಯೇ ಮನೆ ಹಿಡಿಯಬಹುದಾಗಿತ್ತು. ಇಂದು ಬರುವವರನ್ನು ಬಾಡಿಗೆ ಹೊರಕ್ಕೆ ಕಳುಹಿಸುತ್ತದೆ. ಅದೇ ಹಳಿಯ ಮೇಲಿನ ಉಮ್ದಾನಗರ, ಶಾದ್‌ನಗರಗಳು ಈ ಹೊರಗಿನ ಊರುಗಳು. ಹೈದರಾಬಾದಿನ ಎಂ.ಎಂ.ಟಿ.ಎಸ್. ಲೋಕಲ್ ಗಾಡಿಗಳು 2003ರಲ್ಲಿ ಆರಂಭವಾದವು. 2023ರ ಏಪ್ರಿಲ್ 8ರಂದು ಅವು ಫಲಕ್‌ನುಮಾದಿಂದ ಉಮ್ದಾನಗರಕ್ಕೆ ಮುಂದುವರಿದವು. ಅದೇ ದಿನ ಸಿಕಂದರಾಬಾದ್–ಮಹಬೂಬನಗರ ನಡುವಿನ 85 ಕಿ.ಮೀ. ಜೋಡಿ ಮಾರ್ಗವೂ ಲೋಕಾರ್ಪಣೆಯಾಯಿತು. ಆ ವರ್ಷದ ಅಕ್ಟೋಬರ್ 1ರಂದು ಜಕ್ಲೇರ್–ಕೃಷ್ಣಾ ನಡುವಿನ 37 ಕಿ.ಮೀ. ಹೊಸ ಮಾರ್ಗ ತೆರೆದು, ಕಾಚಿಗುಡ–ರಾಯಚೂರು ಗಾಡಿ ಈ ದಾರಿಯಲ್ಲಿ ಓಡತೊಡಗಿತು.

ಮಾರ್ಕೆಟ್ಟಿಯವರ ಮಾತನ್ನು ಇಲ್ಲಿಗೆ ಅನ್ವಯಿಸಿದರೆ ಮುಂದಿನದು ಊಹೆಗೆ ಸಿಗುತ್ತದೆ. ಹಳಿ ಜೋಡಿಯಾದಂತೆ, ಗಾಡಿ ಹೆಚ್ಚಾದಂತೆ ಮಹಾನಗರದ ಎಲ್ಲೆ ಪಾಲಮೂರಿನ ಕಡೆಗೆ ಸರಿಯುತ್ತದೆ. ಹೊಲಗಳು ನಿವೇಶನಗಳಾಗುತ್ತವೆ. ರಾಜೋಳಿ ಆ ಎಲ್ಲೆಯಿಂದ ಇನ್ನೂ ಬಹಳ ದೂರವಿದೆ. ಅಲ್ಲಿಯ ಯುವಕ ಹೈದರಾಬಾದಿಗೆ ಅಪ್-ಡೌನ್ ಮಾಡಲಾರ. ಊರು ಬಿಟ್ಟೇ ಹೋಗಬೇಕು.

ಪಾಲಮೂರು ಸೀಮೆಯಿಂದ ಊರು ಬಿಟ್ಟು ಹೋಗುವವರ ಇನ್ನೊಂದು ದೊಡ್ಡ ಸಾಲನ್ನು ಈ ಚಿತ್ರದಿಂದ ಬಿಡುವಂತಿಲ್ಲ. ಬರಗಾಲದ ನೆಲದಿಂದ ಹೈದರಾಬಾದ್, ಬೆಂಗಳೂರು, ಪುಣೆ, ಮುಂಬಯಿಗಳಿಗೆ ಕಟ್ಟಡದ ಕೂಲಿಗೆ ಹೋಗುವ ವಲಸೆಗಾರರು ಅವರು. ಉಪನಗರದ ಮನೆಗಳನ್ನು ಕಟ್ಟುವವರಲ್ಲಿ ಅವರೂ ಇದ್ದಾರೆ. ಆದರೆ ಉಪನಗರದ ಅಗ್ಗದ ಬಾಡಿಗೆ ಅವರ ಪಾಲಿಗೆ ಅಗ್ಗವಲ್ಲ. ಕಟ್ಟಡದ ಪಕ್ಕದಲ್ಲೇ ತಗಡಿನ ಶೆಡ್ಡು ಹಾಕಿಕೊಂಡು ಇರುತ್ತಾರೆ. ಕಟ್ಟಡ ಮುಗಿದಾಗ ಶೆಡ್ಡು ಕಿತ್ತು ಮುಂದಿನ ಕಟ್ಟಡಕ್ಕೆ ಹೋಗುತ್ತಾರೆ. ನೇಕಾರನ ಮನೆಯಂತೆ ಇಲ್ಲಿಯೂ ವಾಸ ಮತ್ತು ಕೆಲಸದ ನಡುವೆ ದೂರವಿಲ್ಲ. ಆದರೆ ಮಗ್ಗವೂ ಮನೆಯೂ ನೇಕಾರನವು. ಇಲ್ಲಿ ಯಾವುದೂ ಕೂಲಿಕಾರನದಲ್ಲ. ಹಾಗೆಯೇ ಬಾಡಿಗೆ ಕೊಡಬಲ್ಲವರಿಗೂ ಮನೆ ಸುಲಭವಾಗಿ ಸಿಗುತ್ತದೆಂದಲ್ಲ. ಹೆಸರು, ಆಹಾರ, ಜಾತಿ ಕೇಳಿ ಬಾಗಿಲು ಮುಚ್ಚುವ ಮಾಲೀಕರು ಹೊಸ ಬಡಾವಣೆಗಳಲ್ಲೂ ಇದ್ದಾರೆ. ಊರುಕೇರಿಯ ಹಳೆಯ ಗೆರೆ ನಿವೇಶನದ ನಕ್ಷೆಯಲ್ಲಿ ಕಾಣದಿದ್ದರೂ ಬಾಡಿಗೆಯ ಮಾತುಕತೆಯಲ್ಲಿ ಕಾಣುತ್ತದೆ.

ಪಠ್ಯಕ್ಕೆ ಮರಳಿ

ಈ ತಿಳಿವಳಿಕೆಯೊಡನೆ ಓದಿದರೆ ಪಠ್ಯಗಳು ಬೇರೆಯಾಗಿ ತೆರೆದುಕೊಳ್ಳುತ್ತವೆ. ನೇಕಾರ ವಚನಕಾರ ಜೇಡರ ದಾಸಿಮಯ್ಯ ಸುರಪುರ ಸೀಮೆಯ ಮುದನೂರಿನವನು. ಮನೆ, ಕಾಯಕ, ಭಕ್ತಿ ಮೂರೂ ಒಂದೇ ನೆಲೆಯಲ್ಲಿದ್ದ ಬದುಕು ಅವನದೆಂಬುದನ್ನು ಗಮನದಲ್ಲಿಟ್ಟುಕೊಂಡರೆ ಕಾಯಕವೆಂಬ ಪರಿಕಲ್ಪನೆಯ ಗಟ್ಟಿ ನೆಲ ಕಾಣುತ್ತದೆ. ಯಶವಂತ ಚಿತ್ತಾಲರ ‘ಶಿಕಾರಿ’ (1979) ಮುಂಬಯಿಯ ಕಂಪನಿ ಲೋಕದ ಕಾದಂಬರಿ. ಕೆಲಸ ಮನುಷ್ಯನ ಉಳಿದೆಲ್ಲವನ್ನು ನುಂಗಬಲ್ಲುದು ಎಂಬ ಅದರ ಭಯಕ್ಕೆ ಈ ವಿಚ್ಛೇದವೇ ಹಿನ್ನೆಲೆ. ಜಯಂತ ಕಾಯ್ಕಿಣಿಯವರ ಮುಂಬಯಿ ಕಥೆಗಳಲ್ಲಿ ಲೋಕಲ್ ಗಾಡಿ, ಚಾಳ, ಬಾಡಿಗೆಯ ಖೋಲಿಗಳು ಬರಿಯ ಸ್ಥಳವರ್ಣನೆಗಳಲ್ಲ. ದುಡಿಮೆಗೂ ಮನೆಗೂ ನಡುವಿನ ಹೊತ್ತಿನಲ್ಲಿ ಅಪರಿಚಿತರು ಒಬ್ಬರಿಗೊಬ್ಬರು ಏನಾಗಬಲ್ಲರು ಎಂಬುದನ್ನು ಆ ಕಥೆಗಳು ಕೇಳುತ್ತವೆ. ‘ನಗರಪ್ರಜ್ಞೆ’ ಎಂಬ ವಿಮರ್ಶೆಯ ಪದವನ್ನು ಉತ್ತರಪತ್ರಿಕೆಯಲ್ಲಿ ಬರೆಯುವ ಮುನ್ನ ಕಥೆಯ ಪಾತ್ರ ಎಲ್ಲಿ ವಾಸಿಸುತ್ತದೆ, ಎಲ್ಲಿ ದುಡಿಯುತ್ತದೆ, ನಡುವೆ ಎಷ್ಟು ಹೊತ್ತು ಪ್ರಯಾಣಿಸುತ್ತದೆ, ಆ ಹೊತ್ತಿನಲ್ಲಿ ಯಾವ ಭಾಷೆಯಾಡುತ್ತದೆ ಎಂಬ ನಾಲ್ಕು ಪ್ರಶ್ನೆಗಳನ್ನು ಕೇಳಿಕೊಳ್ಳುವುದು ಒಳಿತು. ಉತ್ತರ ಪಠ್ಯದಲ್ಲೇ ದೊರೆಯುತ್ತದೆ.

ಇದೇ ನಾಲ್ಕು ಪ್ರಶ್ನೆಗಳು ಪದವಿ ಮುಗಿಸಿ ಶಾದ್‌ನಗರದಲ್ಲೋ ಕೆಂಗೇರಿಯಲ್ಲೋ ಮನೆ ನೋಡಲು ಹೋಗುವ ವಿದ್ಯಾರ್ಥಿಗೂ ಬೇಕಾದವು. ಬಾಡಿಗೆ ಎಷ್ಟೆಂದು ಎಲ್ಲರೂ ಕೇಳುತ್ತಾರೆ. ಕೊನೆಯ ಗಾಡಿ ಎಷ್ಟು ಹೊತ್ತಿಗೆ, ನೀರು ವಾರಕ್ಕೆ ಎಷ್ಟು ದಿನ, ಹಗಲು ಮನೆಯಲ್ಲಿ ಉಳಿಯುವವರಿಗೆ ಆಸ್ಪತ್ರೆ ಎಷ್ಟು ದೂರ, ಮಗುವಿನೊಡನೆ ಕನ್ನಡದಲ್ಲಿ ಮಾತನಾಡುವವರು ಅಕ್ಕಪಕ್ಕದಲ್ಲಿ ಯಾರಾದರೂ ಇದ್ದಾರೆಯೇ ಎಂಬುದನ್ನೂ ಕೇಳಬೇಕು. ಈ ಉತ್ತರಗಳನ್ನು ಕೂಡಿಸಿ ಬರುವ ಮೊತ್ತವೇ ಆ ಮನೆಯ ನಿಜವಾದ ಬಾಡಿಗೆ.